ಮಜ್ಜಿಗೆ ಲೋಟದ ಪ್ರಾರ್ಥನೆ

ಕಳೆದ ತಿಂಗಳು ನಮ್ಮ ಕನ್ನಡ ಕೂಟದ ಪ್ರಾರ್ಥನೆ ನಡೆಯುತ್ತಿದ್ದಾಗ ಸ್ಕಾಟ್‌ಲ್ಯಾಂಡಿನ ಅತಿಥಿಯೊಬ್ಬ ಮೇಜು ಕುಟ್ಟಿ ತಾಳ ಹಾಕಿದ. ಸಾಲದ್ದಕ್ಕೆ ಜೊತೆಗೆ ಹಾಡಿದ. ಅವನ ಭಾಷೆಯಲ್ಲಿ, ನಮ್ಮ ಧಾಟಿಯಲ್ಲಿ! ಕನ್ನಡದ ಒಂದಕ್ಷರ ಬಾರದವನಿಗೆ ನಮ್ಮ ಪ್ರಾರ್ಥನೆಯ ಟ್ಯೂನ್ ಹೇಗೆ ಗೊತ್ತು?

ಈ ಪರದೇಶದಲ್ಲಿರುವ ನಮ್ಮ ಕೂಟ ನಿಮಗೆ ಗೊತ್ತೇ ಇದೆ. ತಿಂಗಳಿಗೊಮ್ಮೆ ಪಾರ್ಕ್‌ಲ್ಯಾಂಡ್ಸ್‌ನ ದೇವಸ್ಥಾನದ ಹಾಲ್‌ನಲ್ಲಿ ಸೇರುತ್ತೇವೆ, ಬಿಸಿಬೇಳೆಬಾತ್ ತಿನ್ನುತ್ತೇವೆ, ಕನ್ನಡ ಉಳಿಸುವ ಬಗ್ಗೆ ಇಂಗ್ಲಿಷಿನಲ್ಲಿ ಚರ್ಚಿಸುತ್ತೇವೆ. ಕೊನೆಗೆ ಎಲ್ಲರೂ ಮಜ್ಜಿಗೆ ಲೋಟ ಹಿಡಿದು ನಿಂತು ‘ತುಂಬು ದೇವಾ ನಮ್ಮ ಬಾಳ ಪಾತ್ರೆ’ ಹಾಡುತ್ತೇವೆ. ಕೊನೆಯ ಸಾಲಿಗೆ ಲೋಟ ಮೇಲೆತ್ತಿ ಒಂದೇ ಗುಟುಕಿಗೆ ಖಾಲಿ. ಯಾರ ಲೋಟದಲ್ಲಿ ಮಜ್ಜಿಗೆ ಉಳಿಯಿತೋ ಅವರು ಮುಂದಿನ ತಿಂಗಳು ಎಲ್ಲರಿಗೂ ಮಜ್ಜಿಗೆ ತರಬೇಕು. (ಲೋಟ ಎತ್ತುವುದು ನೈವೇದ್ಯದ ಸಂಕೇತವೆಂದು ಅಧ್ಯಕ್ಷರಾದ ಮೂರ್ತಿಯವರು ಹಿಂದೊಮ್ಮೆ ಭಾಷಣವನ್ನೇ ಮಾಡಿದ್ದರು.)

ಹಾಡು ಬರೆದವರು ಕೂಟ ಕಟ್ಟಿದ ಡಾಕ್ಟರು. ಅವರು ತೀರಿಕೊಂಡ ಮೇಲೆ ಹಾಡಿಸುವವರು ಅವರ ಹೆಂಡತಿ ಸುಮಿತ್ರಮ್ಮ. ಎರಡನೆಯ ಚರಣಕ್ಕೆ ಅವರ ದನಿ ನಡುಗುತ್ತದೆ, ನಾವು ಕಾಯುತ್ತೇವೆ. ತಿಂಗಳೆಲ್ಲ ಮನೆಯಲ್ಲೇ ಇರುವ ಅವರು ಹೊರಬೀಳುವುದು ಆ ಹಾಡಿಗಾಗಿಯೇ.

ಅತಿಥಿ ಗಿಗಿರಿಯ ಆಫೀಸಿನಲ್ಲಿ ನನ್ನ ಸಹೋದ್ಯೋಗಿ. ಕರೆತಂದ ಪಾಪಿ ನಾನೇ. ಅವನು ಸಂಭ್ರಮದಿಂದ ಹಾಡಿನ ಇತಿಹಾಸ ಬಿಚ್ಚಿದ. ಅದು ಅವನೂರಿನ ಮೀನುಗಾರರ ಕುಡಿತದ ಹಾಡಂತೆ. ದೋಣಿ ದಡ ಸೇರಿದ ದಿನ ಪಬ್ಬಿನಲ್ಲಿ ಮೇಜು ಕುಟ್ಟುತ್ತಾ ಹಾಡುತ್ತಿದ್ದರಂತೆ. ಮೊದಲ ಚರಣದಲ್ಲಿ ಗ್ಲಾಸು ತುಂಬು ಎಂದು ಪಬ್ಬಿನವಳಿಗೆ ಮೊರೆ, ಕೊನೆಯದರಲ್ಲಿ ಬಾಗಿಲು ತೆಗೆ ಎಂದು ಹೆಂಡತಿಗೆ ಮೊರೆ. ಹಾಡು ಮುಗಿಯುವಷ್ಟರಲ್ಲಿ ಗ್ಲಾಸು ಖಾಲಿ ಮಾಡದವನು ಮುಂದಿನ ಸುತ್ತು ಎಲ್ಲರಿಗೂ ಕುಡಿಸಬೇಕು.

ನಾವೆಲ್ಲ ಕೈಯಲ್ಲಿದ್ದ ಮಜ್ಜಿಗೆ ಲೋಟ ನೋಡಿಕೊಂಡೆವು. ಇಲ್ಲೇ ಹುಟ್ಟಿ ಬೆಳೆದ ನನ್ನ ಮಗಳು ಮಾತ್ರ “ಸೋ ಕೂಲ್, ಅಪ್ಪಾ” ಎಂದಳು.

ಮೂರ್ತಿಯವರು ಕೆಂಡವಾದರು. ದೇವಸ್ಥಾನದಲ್ಲಿ ಕುಡುಕರ ಹಾಡೇ? ಮರುವಾರವೇ ರಿವರ್‌ಸೈಡಿನ ಅವರ ಫ್ಲ್ಯಾಟಿನಲ್ಲಿ ತುರ್ತು ಸಭೆ. ಟ್ರಾಫಿಕ್ಕಿನಲ್ಲಿ ಬೆಂದು ಬಂದ ನಮಗೆ ಮೊದಲು ಗೋಡಂಬಿ ಬಂತು, ನಂತರ ಬಾಟಲಿ. ಅಸಲಿ ಸ್ಕಾಚ್. ಮೂರ್ತಿಯವರು ಅದನ್ನು ಹಸುಗೂಸಿನಂತೆ ಎತ್ತಿಕೊಂಡು ಬಂದರು. ನೀರು ಬೆರೆಸಿದರೆ ಅದಕ್ಕೆ ಅವಮಾನ ಎಂದು ವಿವರಿಸಿದರು. ಬಳಿಕ ಗ್ಲಾಸು ಹಿಡಿದು ನಮ್ಮ ಸಂಸ್ಕೃತಿಗೆ ಬಂದ ಗಂಡಾಂತರದ ಬಗ್ಗೆ ಎಲ್ಲರೂ ಆಳವಾಗಿ ಯೋಚಿಸಿದೆವು. (ನಾನೂ ಯೋಚಿಸಿದೆ. ಎರಡು ಸಲ.)

ಮಂಗಳೂರಿನ ಲಾರೆನ್ಸರು ಮಾತ್ರ, ಟ್ಯೂನು ಏನು ತಪ್ಪು ಮಾಡಿದೆ ಮಾರಾಯ್ರೆ ಎಂದು ಕೇಳಿ ಬೈಸಿಕೊಂಡರು.

ಹಾಡು ರದ್ದು ಎಂದಾಯಿತು. ಸುಮಿತ್ರಮ್ಮನವರಿಗೆ ಹೇಳುವವರು ಯಾರು? ಎಲ್ಲರೂ ಗೋಡಂಬಿ ನೋಡತೊಡಗಿದರು. ಅಷ್ಟರಲ್ಲಿ ಬೆಲ್ ಆಯಿತು. ಬಂದವರು ಸುಮಿತ್ರಮ್ಮನೇ. ಲಾರೆನ್ಸರು ಮೊದಲೇ ಫೋನ್ ಮಾಡಿದ್ದರಂತೆ. ಗ್ಲಾಸುಗಳನ್ನು ಸೋಫಾದ ಹಿಂದೆ ಸರಿಸಲೂ ಸಮಯ ಸಿಗಲಿಲ್ಲ.

ಮೂರ್ತಿಯವರು ತಡವರಿಸುತ್ತಾ ವಿಷಯ ಹೇಳಿದರು. ಸುಮಿತ್ರಮ್ಮ ಪೂರ್ತಿ ಕೇಳಿಸಿಕೊಂಡರು.

“ಡಾಕ್ಟ್ರು ಅದನ್ನ ಆಸ್ಪತ್ರೇಲಿ ಒಬ್ಬ ಸ್ಕಾಟಿಷ್ ಸರ್ಜನ್ ಹತ್ರ ಕಲಿತದ್ದು. ಎಂಥ ಹಾಡು ಅಂತ ಅವರಿಗೂ ಗೊತ್ತಿತ್ತು, ನಂಗೂ ಗೊತ್ತಿತ್ತು. ಆಗ ಇಲ್ಲಿ ನಮ್ಮೋರು ಜಾತಿ ನೋಡ್ಕೊಂಡು ಒಬ್ಬರ ಮನೇಲಿ ಒಬ್ಬರು ನೀರೂ ಕುಡೀತಿರಲಿಲ್ಲ. ಎಲ್ಲರ ಕೈಲೂ ಒಟ್ಟಿಗೆ ಲೋಟ ಎತ್ತಿಸೋಕೆ ಇಂಥ ಹಾಡೇ ಬೇಕು ಅಂದ್ರು.”

ಸುಮಿತ್ರಮ್ಮ ಮೇಜಿನತ್ತ ನೋಡಿದರು.

“ಬೇಡ ಅಂದ್ರೆ ಬಿಟ್ಬಿಡ್ತೀನಿ ಮೂರ್ತಿಯವರೇ. ಆದ್ರೆ ಆ ದೇಶದಿಂದ ಬಂದದ್ದು ಯಾವುದೂ ನಮ್ಮ ಕೂಟದೋರಿಗೆ ಆಗೋದಿಲ್ಲ ಅಂತಾನೂ ಬರ್ಕೊಳ್ಳಿ.”

ಮೂರ್ತಿಯವರು ಬಾಟಲಿ ನೋಡಿದರು. ಬಾಟಲಿ ಇನ್ನೂ ಅರ್ಧ ಇತ್ತು. ತೀರ್ಮಾನವನ್ನು ಆ ಕ್ಷಣವೇ ಮರುಪರಿಶೀಲಿಸಲಾಯಿತು.

ಮೊನ್ನೆ ಭಾನುವಾರ ಮತ್ತೆ ಹಾಡಿದೆವು. ಎರಡನೆಯ ಚರಣಕ್ಕೆ ಸುಮಿತ್ರಮ್ಮನ ದನಿ ನಡುಗಿತು, ನಾವು ಕಾದೆವು. ಎಲ್ಲರೂ ಲೋಟ ಎತ್ತಿ ಖಾಲಿ ಮಾಡಿದರು. ಮೂರ್ತಿಯವರದ್ದು ಮಾತ್ರ ಅರ್ಧ ಉಳಿಯಿತು. ಮುಂದಿನ ತಿಂಗಳ ಮಜ್ಜಿಗೆ ಅವರದ್ದೇ.

ನೀರು ಬೆರೆಸದ ಸ್ಕಾಚ್ ಸಲೀಸಾಗಿ ಇಳಿಯುವ ಗಂಟಲಲ್ಲಿ ನೀರುಮಜ್ಜಿಗೆ ಯಾಕೆ ಸಿಕ್ಕಿಕೊಳ್ಳುತ್ತದೋ?