ಹೋಗಿ ಬಂದ ಗುಡ್ಡಮ್ಮ

ಸೊರಬದಲ್ಲಿ ಆಗ ಮಂಡಿ ಸಾಹುಕಾರರೊಬ್ಬರು ತೀರಿಹೋದ ಹೆಂಡತಿಯ ಹೆಸರಿನಲ್ಲಿ ಕಟ್ಟಿಸಿದ ಆರು ಮಂಚದ ಹೆರಿಗೆಮನೆ ಇತ್ತು. ಅಲ್ಲಿ ಹುಟ್ಟಿದ ಮಕ್ಕಳು ಕಣ್ಣು ಬಿಡುವ ಮೊದಲು ಬಿದ್ದದ್ದು ಗುಡ್ಡಮ್ಮನ ಕೈಗೆ. ಪುಸ್ತಕ ತೆರೆದು ನೋಡಿದರೆ ಮಾತ್ರ ಅವಳು ಒಂದು ಹೆರಿಗೆಯನ್ನೂ ಮಾಡಿಸಿರಲಿಲ್ಲ. ಅಲ್ಲಿ ಇದ್ದದ್ದೆಲ್ಲ ನರ್ಸ್ ಜಗದಾಂಬ ಅವರ ದುಂಡನೆಯ ಸಹಿ. ಜಗದಾಂಬ ಬೆಂಗಳೂರಿನಲ್ಲಿ ಮೂರು ವರ್ಷ ಓದಿ, ಪರೀಕ್ಷೆ ಪಾಸಾಗಿ, ಕೌನ್ಸಿಲಿನಲ್ಲಿ ಹೆಸರು ಬರೆಸಿಕೊಂಡು ಬಂದ ರಿಜಿಸ್ಟರ್ಡ್ ನರ್ಸು. ಗುಡ್ಡಮ್ಮ ಆರು ತಿಂಗಳ ತರಬೇತಿಯ ದಾಯಿ. ಹೆರಿಗೆ ಮಾಡಿಸಬಹುದು, ಹೊಕ್ಕಳುಬಳ್ಳಿ ಕತ್ತರಿಸಬಹುದು, ಆಮೇಲೆ ನೆಲವನ್ನೂ ಒರೆಸಬಹುದು. ಸೂಜಿ ಮುಟ್ಟುವ ಹಾಗಿರಲಿಲ್ಲ.

ಈ ನೇಮಕ್ಕೆ ಐವತ್ತೈದನೆಯ ಇಸವಿಯಲ್ಲಿ ಒಂದು ಜೀವ ಹೋಯಿತು. ಕುಪ್ಪಗಡ್ಡೆಯ ಕಡೆಯ ಹೆಂಗಸು, ಮೂರನೆಯ ಹೆರಿಗೆ. ಅಂದು ಶಿರಾಳಕೊಪ್ಪದ ಸಂತೆ. ಜಗದಾಂಬ ಔಷಧದ ಬೀರುವಿನ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಬೆಳಿಗ್ಗೆಯೇ ಬಸ್ಸು ಹತ್ತಿದ್ದರು. ಮಗು ಸಲೀಸಾಗಿ ಬಂತು, ಮಾಸೂ ಬಿತ್ತು. ರಕ್ತ ನಿಲ್ಲಲಿಲ್ಲ. ಗುಡ್ಡಮ್ಮ ಹೊಟ್ಟೆ ತಿಕ್ಕಿದಳು, ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿದಳು. ಕೊಡಬೇಕಾದ ಇಂಜೆಕ್ಷನ್ ಯಾವುದು, ಎಷ್ಟು, ಎಲ್ಲಿಗೆ ಚುಚ್ಚಬೇಕು ಎನ್ನುವುದೆಲ್ಲ ಅವಳಿಗೆ ಬಾಯಿಪಾಠ. ಬೀರುವಿನ ಗಾಜಿನೊಳಗೆ ಅದು ಕಾಣುತ್ತಲೂ ಇತ್ತು. ಗಾಜು ಒಡೆಯಬಹುದಿತ್ತು. ಅವಳು ಒಡೆಯಲಿಲ್ಲ. ಮಧ್ಯಾಹ್ನ ಮೂರಕ್ಕೆ ಆ ಹೆಂಗಸು ಹೋದಳು.

"ಬಂಜೆ ಕೈ ಸೋಕಿದ್ರೆ ಇನ್ನೇನಾಗ್ತದೆ," ಎಂದಳು ಸತ್ತವಳ ಅತ್ತೆ, ಕೂಸನ್ನು ಸೆರಗಿನಲ್ಲಿ ಸುತ್ತಿಕೊಳ್ಳುತ್ತ.

ಸಂಜೆ ಬಂದ ಜಗದಾಂಬ ಕಾಯಿಪಲ್ಲೆಯ ಚೀಲ ಕೆಳಗಿಟ್ಟು, ರೋಗಿಯನ್ನು ತಡವಾಗಿ ಕರೆತಂದರು ಎಂದು ಪುಸ್ತಕದಲ್ಲಿ ಬರೆದರು. ಅಕ್ಷರ ಒಂದಿಷ್ಟೂ ನಡುಗಲಿಲ್ಲ. ಬರೆದಾದ ಮೇಲೆ ಗುಡ್ಡಮ್ಮನ ಕಡೆ ತಿರುಗಿದರು.

"ಗಾಜು ಒಡೀಲಿಲ್ವಲ್ಲ, ಒಳ್ಳೇದಾಯ್ತು. ಒಡೆದಿದ್ರೆ ನಿನ್ನ ಕೆಲಸ ಹೋಗ್ತಿತ್ತು."

ಅಂದಿನಿಂದ ಗುಡ್ಡಮ್ಮನ ತಲೆಯೊಳಗೆ ಒಂದೇ ಹುಳ. ತಾನೂ ನರ್ಸಾಗಬೇಕು. ಬೀಗದ ಕೈ ತನ್ನ ಸೊಂಟದಲ್ಲಿರಬೇಕು. ನಾಚಿಕೆ ಬಿಟ್ಟು ಜಗದಾಂಬ ಅವರನ್ನೇ ಕೇಳಿದಳು. ಅವರು ನಕ್ಕು ಹೇಳಿದರು: ಮಿಡ್ಲ್ ಸ್ಕೂಲ್ ಪಾಸಾಗಿರಬೇಕು, ಗಂಡನ ಒಪ್ಪಿಗೆ ಬೇಕು, ಟ್ರೈನಿಂಗಿಗೆ ಸೇರುವ ವರ್ಷದ ಜುಲೈ ಒಂದಕ್ಕೆ ಮೂವತ್ತು ತುಂಬಿರಬಾರದು. "ನೀನು ಓದಿರೋದು ಎಷ್ಟು, ನಾಲ್ಕನೇ ಕ್ಲಾಸಾ?" ಎಂದು ಕೊನೆಗೆ ಸೇರಿಸಿದರು. ಆ ನಗೆ ಇಲ್ಲದಿದ್ದರೆ ಗುಡ್ಡಮ್ಮ ಬಹುಶಃ ಸುಮ್ಮನಾಗಿಬಿಡುತ್ತಿದ್ದಳೋ ಏನೋ.

ಊರಿನಲ್ಲಿ ಶೇಷಪ್ಪ ಎಂಬ ನಿವೃತ್ತ ಮೇಷ್ಟ್ರಿದ್ದರು. ಅವರ ಹೆಂಡತಿ ಲಕ್ವ ಹೊಡೆದು ಮಲಗಿದ್ದರು, ಬೆನ್ನೆಲ್ಲ ಹುಣ್ಣು. ದಿನಾ ಮಧ್ಯಾಹ್ನ ಗುಡ್ಡಮ್ಮ ಹೋಗಿ ಹುಣ್ಣು ತೊಳೆದು ಬಟ್ಟೆ ಕಟ್ಟುವಳು, ಮೇಷ್ಟ್ರು ಪಕ್ಕದ ಗೋಡೆಗೆ ಒರಗಿ ಭಿನ್ನರಾಶಿ ಹೇಳಿಕೊಡುವರು. ತಪ್ಪಿದರೆ ಬೈಯುವರು, ಕೀವಿನ ಬಟ್ಟೆ ಹಿಡಿದವಳೆಂದು ನೋಡುತ್ತಿರಲಿಲ್ಲ. ಮೊದಲ ಸಲ ಪರೀಕ್ಷೆಗೆ ಕೂತಾಗ ಕೊಠಡಿಯ ಬಾಗಿಲಲ್ಲಿ ನಿಂತ ಉಪಾಧ್ಯಾಯರು, "ಮಗೂನ ಒಳಗೆ ಬಿಟ್ಟು ನೀವು ಹೊರಗೆ ಹೋಗ್ರಿ," ಎಂದರು. ಲೆಕ್ಕದಲ್ಲಿ ನಪಾಸು. ಎರಡನೆಯ ಸಲ, ಐವತ್ತೆಂಟರಲ್ಲಿ, ಪಾಸಾದಳು. ಮೇಷ್ಟ್ರ ಹೆಂಡತಿ ಅಷ್ಟರೊಳಗೆ ತೀರಿಕೊಂಡಿದ್ದರು, ಪಾಠ ಮಾತ್ರ ನಿಂತಿರಲಿಲ್ಲ.

ಗಂಡನ ಒಪ್ಪಿಗೆ ಎಲ್ಲಕ್ಕಿಂತ ಸುಲಭವಾಗಿ ಸಿಕ್ಕಿತು. ಲೋಕಪ್ಪ ಎರಡನೆಯವಳನ್ನು ಕಟ್ಟಿಕೊಂಡು ಹದಿನೈದು ವರ್ಷವಾಗಿತ್ತು. ಓದದೆಯೇ ಹೆಬ್ಬೆಟ್ಟು ಒತ್ತಿದ. ಆ ಮನುಷ್ಯ ಅವಳಿಗೆ ಮಾಡಿದ ಉಪಕಾರ ಅದೊಂದೇ. ಇನ್ನು ಉಳಿದದ್ದು ವಯಸ್ಸಿನ ದಾಖಲೆ. ಗುಡ್ಡಮ್ಮ ಶಿಕಾರಿಪುರಕ್ಕೆ ಹೋಗಿ, ಅಲ್ಲಿಂದ ಈಸೂರಿನ ಆಚೆಗಿನ ತನ್ನ ತವರೂರಿಗೆ ನಡೆದು, ಪಟೇಲ ಮಹೇಶ್ವರಪ್ಪನ ಜಗಲಿಯಲ್ಲಿ ನಿಂತಳು. ಹುಟ್ಟು ಸಾವು ಬರೆಯುವ ಪುಸ್ತಕ ಅವನ ಅಪ್ಪನ ಕಾಲದಿಂದ ಆ ಮನೆಯಲ್ಲೇ ಇತ್ತು.

"ಇಲ್ಲೇ ಐತಲ್ಲವ್ವ," ಎಂದ ಮಹೇಶ್ವರಪ್ಪ, ಬೆರಳಿಟ್ಟು. "ಗುಡ್ಡಮ್ಮ, ಮಾರಪ್ಪನ ಮಗಳು. ಇಪ್ಪತ್ನಾಕನೇ ಇಸವಿ. ಅಂದ್ರ ನಿಂಗೀಗ ಮೂವತ್ನಾಕು."

"ಅದು ನಮ್ಮಕ್ಕ ರೀ ಗೌಡ್ರೇ. ಮೂರು ವರ್ಷಕ್ಕೇ ಸತ್ತೋದ್ಳು. ಅವಳ ಹೆಸರನ್ನೇ ನಂಗಿಟ್ರು."

"ಸತ್ತಿದ್ರ ಸತ್ತಾಳಂತ ನಮ್ಮಪ್ಪ ಬರೀತಿದ್ದ. ಬರ್ದಿಲ್ಲ."

"ನಾ ಹುಟ್ಟಿದ್ದು?"

ಹಾಳೆ ಮಗುಚಿ ನೋಡಿದ. ಇಪ್ಪತ್ತೊಂಬತ್ತನೆಯ ಇಸವಿಯಲ್ಲಿ ಪಕ್ಕದ ಮನೆಯ ರಾಧಮ್ಮ ಇದ್ದಳು. ರಾಧಮ್ಮ, ಗುಡ್ಡಮ್ಮ ಒಂದೇ ವಾರದಲ್ಲಿ ಹುಟ್ಟಿದವರು, ಒಂದೇ ವರ್ಷ ಮೈನೆರೆದವರು. ಗುಡ್ಡಮ್ಮ ಮಾತ್ರ ಪುಸ್ತಕದಲ್ಲಿರಲಿಲ್ಲ.

ಆದದ್ದು ಇಷ್ಟು. ಮೊದಲ ಗುಡ್ಡಮ್ಮ ಜ್ವರದಲ್ಲಿ ಹೋದಾಗ ಅಪ್ಪ ಮಾರಪ್ಪ ಸಾವು ಬರೆಸಲು ಹೊರಟಿದ್ದ. ತಾಯಿ ವರದಮ್ಮ ಹೊಸ್ತಿಲಿಗೆ ಅಡ್ಡ ಮಲಗಿದಳು. ಸತ್ತಳೆಂದು ಬರೆಸಿದ ಕೂಸು ತಿರುಗಿ ಅದೇ ಹೊಟ್ಟೆಗೆ ಬರುವುದಿಲ್ಲ ಎನ್ನುವುದು ಅವಳ ಹಿರಿಯರ ನಂಬಿಕೆ. ಮಾರಪ್ಪ ಬರೆಸಲಿಲ್ಲ. ಎರಡು ವರ್ಷಕ್ಕೆ ಮತ್ತೆ ಹೆಣ್ಣೇ ಹುಟ್ಟಿತು. ನೋಡ್ರಿ ಬಂದಳಲ್ಲ ಎಂದು ವರದಮ್ಮ ಊರಿಗೆಲ್ಲ ಸಕ್ಕರೆ ಹಂಚಿ, ಅದೇ ಹೆಸರಿಟ್ಟಳು. ಈ ಸಲ ಮಾರಪ್ಪ ಹುಟ್ಟು ಬರೆಸಲು ಹೋದರೆ ಹಳೆಯ ಪಟೇಲ, "ಹೋಗಿದ್ದು ಒಂದು, ಬಂದಿದ್ದು ಒಂದು. ಪುಸ್ತಕದಾಗ ಗುಡ್ಡಮ್ಮ ಒಬ್ಬಳಿದಾಳೆ, ಇರ್ಲಿ ಬಿಡು," ಎಂದು ಮಸಿ ಉಳಿಸಿದ. ಇಬ್ಬರೂ ಸಮಾಧಾನದಿಂದ ಎಲೆಯಡಿಕೆ ಹಾಕಿಕೊಂಡಿರಬೇಕು.

ಅಷ್ಟಕ್ಕೇ ನಿಂತಿದ್ದರೆ ಸರಿ. ವರದಮ್ಮ ಮಗಳ ವಯಸ್ಸನ್ನೂ ಮೊದಲ ಹುಟ್ಟಿನಿಂದಲೇ ಎಣಿಸಿದಳು. ಅವಳ ಲೆಕ್ಕದಲ್ಲಿ ಮಗಳು ಒಬ್ಬಳೇ, ನಡುವೆ ಎಲ್ಲಿಗೋ ಹೋಗಿ ಬಂದವಳು. ಐದು ವರ್ಷದ ಗುಡ್ಡಮ್ಮನನ್ನು ಹತ್ತು ಎಂದು ಸ್ಕೂಲಿಗೆ ಸೇರಿಸಿದಳು. ಹತ್ತಾದರೂ ಅಕ್ಷರ ಬಾರದ ಕತ್ತೆ ಎಂದು ಅಲ್ಲಿನ ಮೇಷ್ಟ್ರು ಬೆತ್ತ ಮುರಿಯುವ ಹಾಗೆ ಹೊಡೆದರು. ಹನ್ನೊಂದಕ್ಕೆ ಹದಿನಾರು ತುಂಬಿತೆಂದು ಲೋಕಪ್ಪನಿಗೆ ಕೊಟ್ಟು ಮದುವೆ ಮಾಡಿದರು. ಕಣ್ಣಿದ್ದವರಿಗೆ ಕಾಣುತ್ತಿತ್ತು. ಆದರೆ ಹೆತ್ತವಳ ಲೆಕ್ಕಕ್ಕೆ ಎದುರಾಡುವವರು ಯಾರು? ಹತ್ತೊಂಬತ್ತಾದರೂ ಮೈನೆರೆಯದ ಸೊಸೆ ಬಂಜೆಯೇ ಸೈ ಎಂದು ಅತ್ತೆ ತೀರ್ಮಾನ ಮಾಡಿದಾಗ ಗುಡ್ಡಮ್ಮನಿಗೆ ಹದಿನಾಲ್ಕು. ನಲವತ್ತೆರಡರ ಈಸೂರಿನ ಗಲಾಟೆಯ ಮರುವರ್ಷ ಸವತಿ ಬಂದಳು. ಆಮೇಲೆ ಗುಡ್ಡಮ್ಮ ದೊಡ್ಡವಳಾದಳು, ಯಾರಿಗೂ ಬೇಕಾಗಿರಲಿಲ್ಲ. ಸವತಿಯ ಚೊಚ್ಚಲ ಹೆರಿಗೆಗೆ ಬಿಸಿನೀರು ಹಿಡಿದು ನಿಂತದ್ದೇ ಅವಳು ಸೂಲಗಿತ್ತಿಯಿಂದ ಕಲಿತ ಮೊದಲ ಪಾಠ. ಎರಡು ವರ್ಷ ಅವರ ಮಗುವನ್ನು ಎತ್ತಿ ಆಡಿಸಿ, ಒಂದು ದಿನ ಸೀರೆಯ ಗಂಟು ಹಿಡಿದು ಸೊರಬಕ್ಕೆ ನಡೆದಳು.

ಇದೆಲ್ಲ ಪಟೇಲನ ಜಗಲಿಯಲ್ಲಿ ನಿಂತಾಗ ಅವಳಿಗೆ ಒಟ್ಟಿಗೇ ಹೊಳೆಯಿತು. ಮಹೇಶ್ವರಪ್ಪನಿಗೆ ಅಪ್ಪನ ಕೈಬರಹ ತಿದ್ದುವ ಮನಸ್ಸಿಲ್ಲ, ಬೇರೆಯವರು ತಿದ್ದಿದರೆ ಅಡ್ಡಿಯೂ ಇಲ್ಲ.

"ನಿಮ್ಮವ್ವ ಅಮಲ್ದಾರ್ ಸಾಹೇಬರ ಮುಂದ ಬಂದು, ಮೊದಲ್ನೇದು ಸತ್ತಿದ್ದು ಖರೆ, ಇವಳು ಎರಡ್ನೇದು ಅಂತ ಪ್ರಮಾಣ ಮಾಡಿ ಹೇಳ್ಲಿ. ನಾ ಬ್ಯಾಡ ಅನ್ನಂಗಿಲ್ಲ," ಎಂದ. ಸುತ್ತ ಇದ್ದವರ ಕಡೆ ನೋಡಿ, "ದೇವರು ವರ ಕೊಟ್ರೂ ಪೂಜಾರಿ ಕೊಡಬೇಕಲ್ಲಪ್ಪ," ಎಂದು ನಕ್ಕ.

ಈ ಜುಲೈ ತಪ್ಪಿದರೆ ಮುಂದಿನ ಜುಲೈಗೆ ಅವಳಿಗೆ ನಿಜವಾಗಿಯೇ ಮೂವತ್ತು ತುಂಬಿರುತ್ತಿತ್ತು. ಇದ್ದದ್ದು ಒಂದೇ ಸಲ, ಬೇಕಾದದ್ದು ಒಂದೇ ಮಾತು. ಗುಡ್ಡಮ್ಮ ಹತ್ತು ದಿನ ರಜ ಹಾಕಿ ತಾಯಿಯ ಹತ್ತಿರ ಕೂತಳು. ಮಗುವಿಗೆ ಕಲಿಸಿದ ಹಾಗೆ ಕಲಿಸಿದಳು.

"ಸಾಹೇಬರು ಎಷ್ಟು ಹೆಣ್ಣು ಅಂತ ಕೇಳ್ತಾರೆ. ಏನಂತೀ?"

"ಎರಡು."

"ಮೊದಲ್ನೇದು?"

ವರದಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಮಗಳ ಮುಖ ನೋಡುವಳು. ಆಮೇಲೆ, "ನೀ ಹೇಳ್ದಂಗ ಹೇಳ್ತೀನಿ ಬಿಡು," ಎನ್ನುವಳು. ಸತ್ತಳು ಎಂಬ ಮಾತು ಹತ್ತು ದಿನದಲ್ಲಿ ಒಮ್ಮೆಯೂ ಅವಳ ಬಾಯಿಂದ ಬರಲಿಲ್ಲ. ಗುಡ್ಡಮ್ಮ ಅದನ್ನು ಗಮನಿಸಲಿಲ್ಲ; ಗಮನಿಸಿದ್ದರೂ, ಅಷ್ಟು ಆಸೆಯಲ್ಲಿದ್ದವಳು ಅದನ್ನು ನಂಬುತ್ತಿರಲಿಲ್ಲ.

ಜೂನ್ ಮೊದಲ ವಾರ ಶಿಕಾರಿಪುರದ ತಾಲ್ಲೂಕು ಕಚೇರಿಯಿಂದ ಕರೆ ಬಂತು. ಅಮಲ್ದಾರರು ಒಳ್ಳೆಯ ಮನುಷ್ಯ. ಹೆಂಗಸೊಬ್ಬಳು ಓದಿ ಮುಂದೆ ಬರುತ್ತಾಳೆಂದರೆ ಅವರಿಗೂ ಸಂತೋಷ. ಕಾಗದವೆಲ್ಲ ಓದಿ, ರಾಧಮ್ಮನ ಹುಟ್ಟಿನ ನಕಲನ್ನೂ ನೋಡಿ, ಲೇಖನಿಯ ಮುಚ್ಚಳ ತೆಗೆದೇ ಇಟ್ಟುಕೊಂಡರು.

"ಭಯಪಡಬೇಡಿ ಅಜ್ಜಿ. ನಿಮ್ಮ ಹಿರೀ ಮಗಳು ಯಾವ ವರ್ಷ ತೀರಿಕೊಂಡಳು?"

ವರದಮ್ಮ ಮಗಳ ಕಡೆ ತಿರುಗಿದಳು.

"ಸತ್ತದ್ದು ನಿಜ ತಾನೇ?"

"ಯಾರು ಸತ್ತಿದ್ದು ಸ್ವಾಮಿ? ಇಲ್ಲೇ ನಿಂತಾಳಲ್ರಿ."

"ಅವ್ವಾ," ಎಂದಳು ಗುಡ್ಡಮ್ಮ.

ಅಮಲ್ದಾರರು ಅವಳಿಗೆ ಸುಮ್ಮನಿರು ಎಂದು ಕೈಸನ್ನೆ ಮಾಡಿದರು. "ಇವಳಲ್ಲ. ಇವಳಿಗಿಂತ ಮುಂಚಿನವಳು. ನಿಮಗೆ ಹೆಣ್ಣುಮಕ್ಕಳು ಎಷ್ಟು? ದೇವರ ಮೇಲೆ ಆಣೆ ಇಟ್ಟು ಹೇಳ್ರಿ."

ದೇವರ ಹೆಸರು ತೆಗೆಯದೇ ಹೋಗಿದ್ದರೆ ವರದಮ್ಮ ಕಲಿತ ಪಾಠ ಒಪ್ಪಿಸಿಬಿಡುತ್ತಿದ್ದಳೋ ಏನೋ. ಆಣೆ ಎಂದ ಮೇಲೆ ಅವಳು ಕೈಮುಗಿದು ಕಣ್ಣು ಮುಚ್ಚಿದಳು.

"ಒಬ್ಬಳೇ ಸ್ವಾಮಿ. ಹೋಗಿದ್ಲು, ಬಂದ್ಲು. ಸುಳ್ಳು ಹೇಳಿದ್ರ ನನ್ನ ನಾಲಿಗಿ ಸೇದಿಹೋಗ್ಲಿ."

ಮಹೇಶ್ವರಪ್ಪ ಮೀಸೆ ಸವರಿಕೊಂಡ. ಅಮಲ್ದಾರರು ಮತ್ತೊಂದು ಸಲ, ಮಗದೊಂದು ಸಲ ಕೇಳಿದರು. ಮುದುಕಿಯ ಉತ್ತರ ಒಂದೇ. ಮೂರನೆಯ ಸಲಕ್ಕೆ ಅವರ ಮುಖವೂ ಗಡುಸಾಯಿತು. ಹೆತ್ತ ತಾಯಿಗೆ ಸುಳ್ಳು ಹೇಳಿಕೊಟ್ಟು ಕರೆತಂದವಳನ್ನು ನೋಡುವ ಹಾಗೆ ಗುಡ್ಡಮ್ಮನನ್ನು ನೋಡಿ, ಒಬ್ಬಳೇ ಮಗಳೆಂದು ತಾಯಿ ಪ್ರಮಾಣ ಮಾಡಿರುವುದರಿಂದ ತಿದ್ದುಪಡಿ ಇಲ್ಲ ಎಂದು ಬರೆದು, ಮೊಹರು ಒತ್ತಿಸಿದರು.

ಹೊರಗೆ ಬಂದು ಕಚೇರಿಯ ಮೆಟ್ಟಿಲ ಮೇಲೆ ಕುಳಿತಾಗ ವರದಮ್ಮ ಮಗಳ ಸೆರಗು ಜಗ್ಗಿದಳು.

"ಸಿಟ್ಟಾದ್ಯೇನೇ ಗುಡ್ಡಿ? ಒಂದ್ಸಾರಿ ಈ ಕೈಯಾಗ ಮಣ್ಣಿಗಿಟ್ಟು ಬಂದೀನಿ. ಎರಡ್ನೇ ಸಾರಿ ಇಡು ಅಂದ್ರ ಹೆಂಗ ಇಡ್ಲಿ?"

"ನನ್ನ ಯಾವಾಗ ಹೆತ್ತೆ, ಅದನ್ನ ಹೇಳು."

"ನಿನ್ನ ಹೆರಾದೇನು," ಎಂದಳು ವರದಮ್ಮ. ಅವಳ ಮುಖ ಅರಳಿತು. "ಒಂದು ನೋವಿಲ್ಲ, ಚೀರಾಟ ಇಲ್ಲ. ದಾರಿ ಗೊತ್ತಿತ್ತಲ್ಲ, ಸೀದಾ ಬಂದೆ."

ಎರಡನೆಯ ಹೆರಿಗೆ ಯಾವಾಗಲೂ ಸಲೀಸು. ದಾರಿಯನ್ನು ಮೊದಲನೆಯ ಕೂಸು ಮಾಡಿಟ್ಟಿರುತ್ತದೆ. ಯಾವ ದಾಯಿಗಾದರೂ ಇದು ಗೊತ್ತು. ಮೊಹರು ಬಿದ್ದು ಐದು ನಿಮಿಷಕ್ಕೆ ತಾಯಿ ತನ್ನ ಬಾಯಾರೆ ಸಾಕ್ಷಿ ನುಡಿದಿದ್ದಳು, ಕೇಳಿಸಿಕೊಳ್ಳಲು ಮಗಳ ಹೊರತು ಯಾರೂ ಇರಲಿಲ್ಲ. ಗುಡ್ಡಮ್ಮನಿಗೆ ಅಳು ಬರಲಿಲ್ಲ. ತಾಯಿಯನ್ನು ಹೊಡೆಯಬೇಕು ಎನ್ನಿಸಿತು. ಇಪ್ಪತ್ತೊಂಬತ್ತು ವರ್ಷ ಈ ಹೆಂಗಸು ತನ್ನ ತಲೆಗೆ ಎಣ್ಣೆ ಹಚ್ಚಿದ್ದು, ತನಗೆ ತುತ್ತಿಟ್ಟದ್ದು, ತನ್ನನ್ನು ಅಪ್ಪಿಕೊಂಡದ್ದು ಎಲ್ಲ ಮಣ್ಣಿನೊಳಗಿದ್ದ ಇನ್ನೊಬ್ಬಳಿಗೆ. ತನ್ನ ಪಾಲಿಗೆ ಬಂದದ್ದು ಅವಳ ಹೆಸರು ಮತ್ತು ಅವಳ ವಯಸ್ಸು.

ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ ಊರಿನ ಕಡೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರಿಸಿದಳು. ಕುಡಿಯಲು ನೀರು ತಂದುಕೊಟ್ಟಳು. ತಾನು ಇಳಿದು ನಿಂತಾಗ ಕಂಡಕ್ಟರು ಕೇಳಿದ:

"ಅಜ್ಜಿ ಒಬ್ರೇ ಹೋಗ್ತಾರೇನ್ರಿ? ನಿಮ್ಮ ತಾಯೇನ್ರಿ ಇವ್ರು?"

"ಅಲ್ಲ ರೀ," ಎಂದಳು ಗುಡ್ಡಮ್ಮ. ದನಿ ತಗ್ಗಿಸಲಿಲ್ಲ. "ಇವ್ರಿಗೆ ಒಬ್ಳೇ ಮಗಳು. ಮೂರು ವರ್ಷಕ್ಕೇ ಸತ್ತೋದ್ಳು."

ವರದಮ್ಮ ಕಿಟಕಿಯ ಸರಳು ಹಿಡಿದು ಕೇಳುತ್ತ ಕುಳಿತಿದ್ದಳು. ಬಸ್ಸು ಹೊರಟಿತು. ಗುಡ್ಡಮ್ಮ ಅದು ತಿರುವು ದಾಟುವವರೆಗೂ ಕಾಯದೆ ಸೊರಬದ ಬಸ್ಸು ಹತ್ತಿದಳು. ಹೆರಿಗೆಮನೆಯಲ್ಲಿ ಎರಡನೆಯ ಮಂಚದ ಹೆಂಗಸಿಗೆ ದಿನ ತುಂಬಿತ್ತು.