ಹೆಲ್ಮೆಟ್ಟಿನ ಮೇಲೊಂದು ರುಮಾಲು

ಇವತ್ತು ನಸುಕಿನಲ್ಲಿ ಕಪಾಟಿನ ಮೇಲಿಂದ ಸೈಕಲ್ಲಿನ ಹೆಲ್ಮೆಟ್ ಇಳಿಸಿ ಕೊಡವಿದೆ. ಅರಿಷಿಣದ ಪುಡಿ ಉದುರಿತು. ಎಷ್ಟೋ ಸಲ ತೊಳೆದಾಗಿದೆ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿಯೂ ಆಗಿದೆ. ಆದರೂ ಗಾಳಿಯಾಡಲೆಂದು ಬಿಟ್ಟ ತೂತುಗಳಲ್ಲಿ ಬೀರಪ್ಪ ದೇವರ ಭಂಡಾರ ಕದಲದೆ ಕೂತಿದೆ. ಭಂಡಾರಕ್ಕೂ ಹೆಲ್ಮೆಟ್ಟಿಗೂ ಏನು ಸಂಬಂಧ ಎನ್ನುತ್ತೀರಾ? ಬೀಗರ ಸಂಬಂಧ. ಕೂತುಕೊಳ್ಳಿ, ಹೇಳುತ್ತೇನೆ.

ನಾನು ಬಾಗಲಕೋಟೆಯ ನವನಗರದ ಹೈಸ್ಕೂಲೊಂದರಲ್ಲಿ ಗಣಿತದ ಮಾಸ್ತರ. ಕರಿಹಲಗೆಯ ಮೇಲಿನ ಮೂಲೆಯನ್ನು ತುದಿಗಾಲಲ್ಲಿ ನಿಂತು ಒರೆಸುವುದೇ ಬಹುಕಾಲ ನನ್ನ ವ್ಯಾಯಾಮವಾಗಿತ್ತು. ಓಡುವವಳು ನನ್ನ ಮಗಳು ರೇಣುಕಾ. ಕಾಲೇಜಿನಲ್ಲಿದ್ದಾಗ ಅವಳು ಓಡದ ದಿನ ನಮ್ಮ ಮನೆಯಲ್ಲಿ ಯಾರಿಗೋ ಜ್ವರ ಬಂದಿದೆ ಎಂದೇ ಅರ್ಥ. ಅವಳನ್ನು ಕಲಾದಗಿಗೆ ಕೊಟ್ಟೆವು. ದಾಳಿಂಬೆ ತೋಟ, ಕುರಿ, ತುಂಬಿದ ಮನೆ, ಅಳಿಯನೂ ಒಳ್ಳೆಯವನು. ಬೀಗರು ಸಿದ್ದಪ್ಪನವರು ಮಾತ್ರ ಸೊಸೆ ರಸ್ತೆಯಲ್ಲಿ ಓಡಿದರೆ ಊರ ಮಂದಿ ಏನಂದಾರು ಎಂದು ಹೆದರಿದರು. ಮಗಳ ಓಟದ ಬೂಟು ಅಟ್ಟ ಸೇರಿತು. ಅವಳು ಸುಮ್ಮನಿದ್ದದ್ದನ್ನೇ ನನಗೆ ತಡೆಯಲಾಗಲಿಲ್ಲ.

ಆ ವರ್ಷ ನಮ್ಮಲ್ಲಿ ಟ್ರಯಥ್ಲಾನ್ ಎಂಬುದು ನಡೆಯುವುದೆಂದು ಸುದ್ದಿ ಬಂತು. ಮೊದಲು ಈಜು, ಮೈ ಒರೆಸಿಕೊಳ್ಳುವ ಮೊದಲೇ ಸೈಕಲ್ಲು, ಸೈಕಲ್ಲಿಂದ ಇಳಿದದ್ದೇ ಓಟ. ಒಂದರಲ್ಲಿ ಸುಸ್ತಾದವನಿಗೆ ಇನ್ನೊಂದರಿಂದ ಉಪಚಾರ. ರೇಣುಕಾಳನ್ನು ಕಳಿಸಿ ಎಂದು ಬೀಗರನ್ನು ಕೇಳಿದೆ. ಅವರು ಮೀಸೆಯಲ್ಲೇ ನಕ್ಕು, "ಮೊದಲ ನೀವು ಮುಗಿಸಿ ತೋರಸ್ರಿ ಬೀಗರ. ಆಮ್ಯಾಲ ಆಕಿ ಓಡಲಿ, ನಾ ಒಲ್ಲೆ ಅನ್ನೂದಿಲ್ಲ" ಎಂದರು. ನನ್ನ ಹೊಟ್ಟೆಯನ್ನು ನೋಡುತ್ತಲೇ ಅಂದರು. ನನಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ಹೆಸರು ಕೊಟ್ಟುಬಂದೆ.

ಇನ್ನು ಅನುಭವಿಗಳ ಸಲಹೆ. ನಮ್ಮ ಓಣಿಯ ಹಲ್ಲಿನ ಡಾಕ್ಟರು ಇಂಥ ಸ್ಪರ್ಧೆಗಳಲ್ಲಿ ಪಳಗಿದವರು. ಇಳಕಲ್ಲಿನಲ್ಲಿ ಸೀರೆ ಅಂಗಡಿ ಇಟ್ಟಿರುವ ಇಮ್ತಿಯಾಜ್ ಡಾಕ್ಟರಿಗಿಂತಲೂ ಪಳಗಿದವನು. ಸೈಕಲ್ ಮೇಲೆ ತಿನ್ನುತ್ತಲೇ ಇರಬೇಕೆಂದು ಡಾಕ್ಟರು. ತಿಂದರೆ ಓಟದಲ್ಲಿ ಎಲ್ಲ ಹೊರಗೆ ಬರುತ್ತದೆಂದು ಇಮ್ತಿಯಾಜ್. ಈಜಿನಲ್ಲಿ ಮುಂದೆ ನುಗ್ಗಿ ಎಂದು ಒಬ್ಬರು, ಹಿಂದೆಯೇ ಉಳಿಯಿರಿ ಎಂದು ಇನ್ನೊಬ್ಬರು. ಹಿಂದೆ ಉಳಿಯುವುದಕ್ಕೆ ನನಗೆ ಸಲಹೆ ಬೇಕಿರಲಿಲ್ಲ. ಹಲ್ಲು ಕೀಳಿಸಲು ಹೋದವನಿಗೂ ಡಾಕ್ಟರು ಓಡುವಾಗ ಹಿಮ್ಮಡಿ ಊರುವ ಬಗ್ಗೆ ಹೇಳುತ್ತಿದ್ದರು. ಬಾಯಿ ತೆರೆದುಕೊಂಡು ಕೂತವನು ಎದುರು ಮಾತಾಡುವುದಾದರೂ ಹೇಗೆ?

ಇಬ್ಬರೂ ಒಪ್ಪಿದ ಮಾತು ಒಂದೇ. ಸೈಕಲ್ಲನ್ನು ಅದರ ಜಾಗದಲ್ಲಿ ಮರಳಿ ನಿಲ್ಲಿಸುವವರೆಗೆ ಹೆಲ್ಮೆಟ್ ಬಿಚ್ಚಬಾರದು. ಹೊರಗಿನವರ ಕೈಯಿಂದ ಏನನ್ನೂ ತೆಗೆದುಕೊಳ್ಳಬಾರದು. ಎರಡರಲ್ಲಿ ಯಾವುದು ತಪ್ಪಿದರೂ ಹೆಸರು ಹೊಡೆದುಹಾಕುತ್ತಾರೆ. "ಮಾಸ್ತರ, ಹಾದ್ಯಾಗ ಯಾರ ಕರದ್ರೂ ನಿಲ್ಲಬ್ಯಾಡ್ರಿ," ಎಂದ ಇಮ್ತಿಯಾಜ್. "ನಮ್ಮ ಕಡೆ ಮಂದಿಗೆ ಈಜೂದು ಸಲೀಸು, ಕರದ್ರ ನಿಲ್ಲದ ಹೋಗೂದು ಭಾಳ ಕಠಿಣ." ತಾನೂ ಮೊದಲ ಸಲ ಗಿರಾಕಿಯೊಬ್ಬರ ಕಟ್ಟೆಯ ಮೇಲೆ ಚುರುಮುರಿ ತಿಂದು ಹೆಸರು ಹೊಡೆಸಿಕೊಂಡವನಂತೆ. ನಾನು ನಕ್ಕೆ. ಅಷ್ಟು ತಿಳಿಯದವನೇ ನಾನು?

ನನ್ನ ಹೆಂಡತಿಯ ಚಿಂತೆಯೇ ಬೇರೆ. ಮೈಗಂಟಿದ ಆ ಕರಿ ಬಟ್ಟೆಯನ್ನು ತೊಟ್ಟು ತೋರಿಸಿದಾಗ ಅವಳು ಮೊದಲು ಕಿಟಕಿ ಹಾಕಿದಳು. ಆಮೇಲೆ, "ಬೀಗರ ಊರಾಗ ಈ ಅರಿವಿ ಮ್ಯಾಲ ಹೋಗ್ತೀರೇನ್ರಿ?" ಎಂದಳು. ಸೈಕಲ್ಲಿನ ಹಾದಿ ಕಲಾದಗಿಗೆ ಹೋಗಿ ತಿರುಗುತ್ತಿತ್ತು. ಬೀಗರ ಮನೆ ರಸ್ತೆಯ ಮೇಲೇ ಇದೆ. ಜೋರಾಗಿ ಹೋಗುತ್ತೇನೆ, ಯಾರಿಗೂ ಕಾಣುವುದಿಲ್ಲ ಎಂದು ಸಮಾಧಾನ ಹೇಳಿದೆ.

ಅಣೆಕಟ್ಟಿನ ಹಿನ್ನೀರಿನಲ್ಲಿ ಈಜು ಸುಸೂತ್ರವಾಗಿ ಮುಗಿಯಿತು. ನಮ್ಮ ಹಳೆ ಬಾಗಲಕೋಟೆಯ ಓಣಿ ಆ ಹಿನ್ನೀರಿನ ಅಡಿಯಲ್ಲೇ ಎಲ್ಲೋ ಇದೆ. ಮನೆಯನ್ನು ನೀರಿಗೆ ಬಿಟ್ಟುಕೊಟ್ಟು, ಈಗ ಫೀಸು ಕಟ್ಟಿ ಅದರ ಮೇಲೆ ಈಜುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ. ಸೈಕಲ್ಲೂ ಚೆನ್ನಾಗಿಯೇ ಓಡಿತು. ಕಲಾದಗಿ ಬಂತು.

ದೂರದಿಂದಲೇ ಕಂಡೆ. ಬೀಗರ ಮನೆಯ ಬಾಗಿಲು ಎರಡೂ ಕದ ತೆರೆದಿತ್ತು. ಅಂಗಳದಲ್ಲಿ ಕರಿ ಕಂಬಳಿ ಹಾಸಿತ್ತು. ಬೀಗತಿ ಆರತಿ ತಟ್ಟೆ ಹಿಡಿದಿದ್ದರು. ಸಿದ್ದಪ್ಪನವರು ಕೈಯಲ್ಲಿ ಹೊಸ ರುಮಾಲು ಹಿಡಿದು ರಸ್ತೆಯ ನಡುವೆ ನಿಂತಿದ್ದರು. ಅತ್ತೆಯ ಬೆನ್ನ ಹಿಂದೆ ರೇಣುಕಾ. ನಿಲ್ಲಬೇಡ, ಹೋಗು ಹೋಗು ಎಂದು ಕೈ ಬೀಸುತ್ತಿದ್ದಳು.

ನಿಂತರೆ ಅವಳ ಓಟ ಹೋಯಿತು. ನಿಲ್ಲದಿದ್ದರೆ, ಹಾಸಿದ ಕಂಬಳಿ ಬಿಟ್ಟು ಹೋದ ಅಪ್ಪನ ಮಗಳೆಂದು ಆ ಮನೆಯಲ್ಲಿ ಅವಳು ಎಷ್ಟು ವರ್ಷ ಅನ್ನಿಸಿಕೊಳ್ಳಬೇಕೋ. ಲೆಕ್ಕದ ಮಾಸ್ತರನಿಗೆ ಲೆಕ್ಕ ಬಿಡಿಸಲಾಗಲಿಲ್ಲ. ಕೈ ತಾನೇ ಬ್ರೇಕು ಹಿಡಿಯಿತು.

ಆ ಬಟ್ಟೆಯಲ್ಲೇ, ಮೊಣಕಾಲು ಕೂಡಿಸಿಕೊಂಡು, ಬೀಗತಿಯ ಎದುರು ಕಂಬಳಿಯ ಮೇಲೆ ಕೂತೆ. ಟೊಪ್ಪಿಗೆ ತೆಗೆಯಿರಿ, ರುಮಾಲು ಸುತ್ತಬೇಕು ಎಂದರು ಬೀಗರು. ತೆಗೆಯುವಂತಿಲ್ಲ ಎಂದೆ. ಅವರು ಅರೆಗಳಿಗೆ ಯೋಚಿಸಿ ಹೆಲ್ಮೆಟ್ಟಿನ ಮೇಲೆಯೇ ರುಮಾಲು ಸುತ್ತಿದರು. ಅದರ ಮೇಲೆ ಮುಷ್ಟಿಗಟ್ಟಲೆ ಭಂಡಾರ. ಆಮೇಲೆ ದಾಳಿಂಬೆ, ಚಹಾ. ಅಷ್ಟರಲ್ಲಿ ಸ್ಪರ್ಧೆಯ ತೀರ್ಪುಗಾರರೊಬ್ಬರು ಮೋಟಾರ್ ಸೈಕಲ್ಲಿನಲ್ಲಿ ಬಂದರು. ಬೀಗರು ಅವರನ್ನೂ ಕರೆದು ಕೂಡಿಸಿದರು. ಅವರೂ ಈ ಕಡೆಯವರೇ, ಒಲ್ಲೆ ಎನ್ನಲಾಗಲಿಲ್ಲ. ನಿಧಾನಕ್ಕೆ ಚಹಾ ಮುಗಿಸಿ ಕಪ್ಪು-ಬಸಿ ಕೆಳಗಿಟ್ಟರು.

"ಚಾ ಭಾಳ ಚಲೋ ಇತ್ರಿ. ಆದ್ರ ಮಾಸ್ತರ ಹೆಸರು ಹೊಡೀಬೇಕಾಗತೈತಿ. ಹೊರಗಿನವ್ರ ಕೈಲೆ ತಗೊಂಡಾರ."

"ಹೊರಗಿನವ್ರು ಯಾರ್ರಿ? ನಾವು ಬೀಗರು," ಎಂದರು ಸಿದ್ದಪ್ಪನವರು.

ತೀರ್ಪುಗಾರರು ತಲೆ ತಗ್ಗಿಸಿಕೊಂಡು ಹೆಸರು ಹೊಡೆದರು. ರೇಣುಕಾ ಒಳಗೆ ಹೋದಳು. ಸಿದ್ದಪ್ಪನವರು ಸೊಸೆ ಹೋದ ಬಾಗಿಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ನಾನು ಎದ್ದು ಸೈಕಲ್ ಹತ್ತಿದೆ. ಹೆಸರಿಲ್ಲದಿದ್ದರೆ ಕಾಲಿಲ್ಲವೇ? ಬಾಗಲಕೋಟೆವರೆಗೂ ರುಮಾಲಿನ ಚುಂಗು ಹಿಂದೆ ಹಾರುತ್ತಲೇ ಇತ್ತು. ಹಾದಿಯ ಮಂದಿ ಮದುವಣಿಗನೆಂದುಕೊಂಡರೋ, ಹುಚ್ಚನೆಂದುಕೊಂಡರೋ.

ನವನಗರದಲ್ಲಿ ಹೆಲ್ಮೆಟ್ ಬಿಚ್ಚಿಟ್ಟು, ರುಮಾಲನ್ನು ಹೆಗಲಿಗೆ ಹಾಕಿಕೊಂಡು ಓಟ ಶುರುಮಾಡಿದಾಗ ಪಕ್ಕದಲ್ಲೊಂದು ಬೈಕು ಮೆಲ್ಲಗೆ ಬಂತು. ಸಿದ್ದಪ್ಪನವರು, ಹಿಂದೆ ರೇಣುಕಾ. ಬಿಸಿಲು ಏರಿತ್ತು. ನಾನು ಓಡಿದೆ, ನಡೆದೆ, ಕುಂಟಿದೆ. ಒಮ್ಮೆ ಅವರು ನೀರಿನ ಬಾಟಲಿ ಎತ್ತಿ ನನ್ನ ಕಡೆ ಚಾಚಿದರು. ಏನೋ ನೆನಪಾಗಿ ಮತ್ತೆ ಚೀಲಕ್ಕೆ ಹಾಕಿಕೊಂಡರು. ಅಷ್ಟು ಬಾಯಾರಿಕೆಯಲ್ಲೂ ನನಗೆ ಅವರ ಮೇಲೆ ಪ್ರೀತಿ ಬಂತು. ಕೊನೆ ಮುಟ್ಟಿದಾಗ ಕಮಾನು ಬಿಚ್ಚಿ ಲಾರಿಗೆ ಹೇರುತ್ತಿದ್ದರು. ಕಮಾನು ಇದ್ದ ಜಾಗವನ್ನು ದಾಟಿ ನೆಲಕ್ಕೆ ಕೂತೆ.

ಸಿದ್ದಪ್ಪನವರು ಬೈಕಿನಿಂದ ಇಳಿದು, "ಅವ್ರು ಹೆಸರು ಹೊಡಕೊಳ್ಳಲಿ. ಮುಗಿಸಿದ್ರಿ, ನಾ ನೋಡೇನಿ" ಎಂದರು. ಆಮೇಲೆ ಸೊಸೆಯ ಕಡೆ ತಿರುಗಿ, "ನಾಳಿಂದ ನೀ ಓಡವ್ವಾ" ಎಂದರು. ನಾನು ರುಮಾಲಿನ ಚುಂಗಿನಿಂದ ಮುಖ ಒರೆಸಿಕೊಂಡೆ. ಬರೀ ಬೆವರಾಗಿರಲಿಲ್ಲ.

ಇವತ್ತು ರೇಣುಕಾಳ ಸ್ಪರ್ಧೆ. ಹೊಸ ಹೆಲ್ಮೆಟ್ ಕೊಡಿಸುತ್ತೇನೆಂದರೂ ಕೇಳದೆ ಇದನ್ನೇ ಹಟ ಹಿಡಿದು ತೆಗೆದುಕೊಂಡಳು. ಈಗ ನಾನೂ ಅನುಭವಿಯಲ್ಲವೇ, ಒಂದಷ್ಟು ಸಲಹೆ ಕೊಟ್ಟೆ. ಅವಳು ಕೇಳಿಸಿಕೊಳ್ಳಲಿಲ್ಲ. ನಾನು ಮೊದಲ ಬಸ್ಸು ಹಿಡಿದು ಕಲಾದಗಿಗೆ ಬಂದು, ಬೀಗರ ಮನೆಯೆದುರು ಬೇವಿನ ಮರದ ಕೆಳಗೆ ನಿಂತೆ.

ಮನೆಯ ಬಾಗಿಲು ಹಾಕಿತ್ತು. ಹಗಲು ಹೊತ್ತಿನಲ್ಲಿ ಆ ಬಾಗಿಲು ಹಾಕಿದ್ದನ್ನು ನಾನು ನೋಡಿಯೇ ಇರಲಿಲ್ಲ. ಹೋಗಿಬರುವವರೂ ನಿಂತು ನೋಡುತ್ತಿದ್ದರು. ರೇಣುಕಾ ಬಂದಳು. ಬೆವರಿನ ಜೊತೆ ಹಣೆಯ ಮೇಲೆ ಅರಿಷಿಣ ಇಳಿದಿತ್ತು. ಮುಚ್ಚಿದ ಬಾಗಿಲನ್ನು ನೋಡಿದಳು, ಬಗ್ಗಿ ಇನ್ನಷ್ಟು ಜೋರಾಗಿ ತುಳಿದಳು. ಕಿಟಕಿಯ ಸರಳುಗಳ ಹಿಂದೆ ಬೀಗತಿಯ ಕೈ, ಕೈಯಲ್ಲಿ ಆರತಿ ತಟ್ಟೆ, ಗಾಳಿಯಲ್ಲೇ ಬೆಳಗಿತು.

ಅವಳು ತಿರುವಿನಲ್ಲಿ ಮರೆಯಾದ ಮೇಲೆ ಕದ ತೆರೆಯಿತು. ಸಿದ್ದಪ್ಪನವರು ಹೊರಗೆ ಇಣುಕಿದರು.

"ಹ್ವಾದಳೇನ್ರಿ?"

"ಹ್ವಾದಳ್ರಿ."

"ಹಂಗಾದ್ರ ಬರ್ರಿ, ನೀವರ ಚಾ ಕುಡೀರಿ."

ನನಗೇನು ಅವಸರ? ಒಳಗೆ ಹೋಗಿ ಕಂಬಳಿಯ ಮೇಲೆ ಕೂತೆ.