ಚಿಗವ್ವನ ಮನೆಗೆ ಬಾಗಿದ ಗೆರೆ

ಕುಲಗೋಡದ ಆಚೆಗಿನ ಗುಡ್ಡದಲ್ಲಿ ಕಚ್ಚಾ ಎಣ್ಣೆ ಕೊಡುವ ಕಲ್ಲು ಇದೆಯೇನೋ ಎಂದು ಕೊರೆದು ನೋಡಲು ಒಂದು ಕಂಪನಿ ಬಂದಿತ್ತು. ಕೊರೆಯುವ ಯಂತ್ರ ಹೊತ್ತ ಉದ್ದನೆಯ ಟ್ರೇಲರ್ ಗೋಕಾಕದಿಂದ ಅಲ್ಲಿಗೆ ಯಾವ ದಾರಿಯಲ್ಲಿ ಹೋಗಬೇಕೆಂದು ನಕ್ಷೆ ಹಾಕುವ ಕೆಲಸ ನನ್ನದು. ಹೊಸ ನೌಕರಿ. ಟ್ರೇಲರ್ ಎಲ್ಲಾದರೂ ಸಿಕ್ಕಿಬಿದ್ದರೆ ನನ್ನನ್ನು ಮನೆಗೆ ಕಳಿಸುವುದು ಖಚಿತವಾಗಿತ್ತು.

ಯಂತ್ರ ಹೋಗುವ ದಾರಿಗೆ ಕಂಪನಿ ಜಲ್ಲಿ ಖಡಿ ಹಾಕಿ ಗಟ್ಟಿ ಮಾಡುತ್ತದೆ ಎಂಬ ಸುದ್ದಿ ನನಗಿಂತ ಮೊದಲೇ ಊರು ಮುಟ್ಟಿತ್ತು. ಹಾಗಾಗಿ ದಾರಿ ಕೇಳಿದಲ್ಲೆಲ್ಲ ಚಹಾ ಸಿಕ್ಕಿತು.

"ಈ ಹಾದಿನ ಛಲೋ ಐತ್ರಿ ಸಾಹೇಬ್ರ, ಕಣ್ಣ ಮುಚ್ಚಿ ಬರ್ರಿ" ಎಂದರು ಎಲ್ಲರೂ. ಅವರು ಹೇಳಿದಂತೆ ಗೆರೆ ಎಳೆದರೆ, ಸೀದಾ ಹೋಗಬೇಕಾದ ದಾರಿ ಊರಿನ ಒಂದೊಂದು ಹೊಲವನ್ನೂ ಮಾತಾಡಿಸಿಕೊಂಡು ಹೊರಟಿತ್ತು.

ನಕ್ಕೆ. ನಕ್ಕು, ನಾನೂ ಒಂದು ಬಾಗು ಸೇರಿಸಿದೆ. ಗುಡ್ಡದ ಬುಡದಲ್ಲಿ ನನ್ನ ತಾಯಿಯ ತಂಗಿ, ಚಿಗವ್ವನ ತೋಟದ ಮನೆ. ಅಲ್ಲಿಗೆ ಹಾಲಿನ ಗಾಡಿ ಬರುವುದಿಲ್ಲ. ದಿನಾ ಕ್ಯಾನು ತಲೆಯ ಮೇಲೆ ಹೊತ್ತು ಅವಳೇ ಡಾಂಬರು ರಸ್ತೆಗೆ ಬರಬೇಕು.

ಟ್ರೇಲರ್ ಓಡಿಸಬೇಕಾದ ಯಮಕನಮರಡಿಯ ಡ್ರೈವರ್ ಕಾಕಾ ಜೀಪಿನಲ್ಲಿ ದಾರಿ ನೋಡಲು ಬಂದರು. ನನ್ನ ನಕ್ಷೆ ಮುಟ್ಟಲೂ ಇಲ್ಲ. ಗಿಡಗಳ ಟೊಂಗೆಗಳನ್ನಷ್ಟೇ ನೋಡುತ್ತಿದ್ದರು. ತುಂಬಿದ ಕಬ್ಬಿನ ಟ್ರ್ಯಾಕ್ಟರ್ ಓಡಾಡುವ ದಾರಿಯಲ್ಲಿ ಟೊಂಗೆಗೆ ರವದಿ, ಅಂದರೆ ಕಬ್ಬಿನ ಒಣಗರಿ, ಸಿಕ್ಕಿ ಜೋತಾಡುತ್ತಿರುತ್ತದೆ. ರವದಿ ಇದ್ದಲ್ಲಿ ದೊಡ್ಡ ಗಾಡಿ ಹೋಗುತ್ತದೆ. ಇಲ್ಲದಿದ್ದರೆ ಕಾಕಾ ಜೀಪು ನಿಲ್ಲಿಸಿ, ಆ ದಾರಿ ಹೇಳಿದವರನ್ನು ಕರೆದು ಕೇಳುತ್ತಿದ್ದರು: "ನಿಮ್ಮ ಹೊಲ ಯಾವ ಬಾಜೂ ಬರತೈತ್ರಿ?" ಅವರು ಹಲ್ಲು ಕಿರಿದು ಪಕ್ಕದ ಹೊಲ ತೋರಿಸುತ್ತಿದ್ದರು. ನಾನು ಗೆರೆ ಅಳಿಸುತ್ತಿದ್ದೆ.

ಚಿಗವ್ವನ ತಿರುವಿನಲ್ಲೂ ರವದಿ ಇರಲಿಲ್ಲ.

"ಇಲ್ಲಿ ಗಾಳಿ ಜೋರ ಕಾಕಾ, ಹಾರಿ ಹೋಗಿರಬೇಕು" ಎಂದೆ.

ಅಷ್ಟರಲ್ಲಿ ಚಿಗವ್ವ ಸೆರಗಿಗೆ ಕೈ ಒರೆಸುತ್ತ ಓಡಿ ಬಂದಳು. "ಈ ಹಾದೀಲೆ ತರಬ್ಯಾಡ್ರಿ ಯಪ್ಪಾ! ಹಳ್ಳದ ದಂಡಿ ಮೆತ್ತಗೈತಿ, ಕಬ್ಬಿನ ಟ್ರ್ಯಾಕ್ಟರ್ ಒಮ್ಮೆ ಬಂದು ಉರುಳೇತಿ. ನಿಮ್ಮ ಗಾಡಿ ಸಿಕ್ಕೊಂಡ್ರ ನಮ್ಮ ಹುಡುಗನ ನೌಕರಿ ಹೋಗತೈತಿ."

ಕಾಕಾ ನಿಧಾನವಾಗಿ ನನ್ನ ಕಡೆ ತಿರುಗಿದರು. "ನಿಮ್ಮ ಹೊಲ ಯಾವ ಬಾಜೂ ಬರತೈತೋ ತಮ್ಮಾ?"

ತಲೆ ತಗ್ಗಿಸಿ ನಕ್ಷೆ ತೆಗೆದೆ. ಆ ಗೆರೆಯನ್ನೂ ಅಳಿಸಿದೆ.

ಟ್ರೇಲರ್ ರವದಿಯ ದಾರಿ ಹಿಡಿದು ಗುಡ್ಡ ಮುಟ್ಟಿತು. ಎಣ್ಣೆ ಸಿಗಲಿಲ್ಲ, ನನ್ನ ನೌಕರಿ ಮಾತ್ರ ಉಳಿಯಿತು. ಈಗ ರಜೆಗೆ ಹೋದಾಗಲೆಲ್ಲ ಚಿಗವ್ವನ ಕ್ಯಾನು ನಾನೇ ಹೊರುತ್ತೇನೆ. ಆ ದಾರಿಯನ್ನು ಟೇಪು ಹಿಡಿದು ಅಳೆದವನು ನಾನೇ. ಇಷ್ಟು ಉದ್ದ ಇದೆಯೆಂದು ಗೊತ್ತಿರಲಿಲ್ಲ.